ಬೆಂಗಳೂರು ಬಿಟ್ಟು ಮೈಸೂರಿಗಾ, ಮಂಗಳೂರಿಗಾ, ಹುಬ್ಬಳ್ಳಿಗಾ? ಶಿರಸಿ ಕಡೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಂಗೆ 37, ಹೆಂಡತಿಗೆ 34, ಮಗಳಿಗೆ 4 ತುಂಬಿದೆ. ಮಾರತ್ತಹಳ್ಳಿ ಹತ್ರ 2 ಬಿಎಚ್‌ಕೆ ಬಾಡಿಗೆ ಮನೆ, ತಿಂಗಳಿಗೆ 36 ಸಾವಿರ, ಬೇಸಿಗೇಲಿ ಟ್ಯಾಂಕರ್ ದುಡ್ಡು ಬೇರೆ. ನಂಗೆ ವಾರಕ್ಕೆ 3 ದಿನ ವೈಟ್‌ಫೀಲ್ಡ್ ಆಫೀಸಿಗೆ ಹೋಗ್ಲೇಬೇಕು, ಹೆಂಡತಿಗೆ ಪೂರ್ತಿ ವರ್ಕ್ ಫ್ರಮ್ ಹೋಮ್. ಅಪ್ಪ ಅಮ್ಮ ಶಿರಸಿ ಹತ್ರ ತೋಟದ ಮನೇಲಿ ಇದಾರೆ, ಅಪ್ಪಂಗೆ 71, ಹೋದ ವರ್ಷ ಸ್ಟೆಂಟ್ ಹಾಕ್ಸಿದೀವಿ, ಬೆಂಗಳೂರಿಗೆ ಬನ್ನಿ ಅಂದ್ರೆ ಬರಲ್ಲ. ನಮ್ಗೆ ಈ ಊರು ಸಾಕಾಗಿದೆ. ಮೈಸೂರು ಅಂತ ಹೆಚ್ಚುಕಮ್ಮಿ ಡಿಸೈಡ್ ಮಾಡಿದೀವಿ, ಮಂಗಳೂರು ಎರಡನೇದು, ಹುಬ್ಬಳ್ಳಿ-ಧಾರವಾಡ ಸುಮ್ನೆ ಲಿಸ್ಟಲ್ಲಿದೆ. ಸೈಟೂ ಅಲ್ಲೇ ತಗೊಳ್ಳೋಣ ಅಂತ. ಯಾವ್ದು ಸರಿ?

ಉತ್ತರ:

ಮೊದ್ಲು ನನ್ನ ಬಗ್ಗೆ ಒಂದು ಮಾತು, ಯಾಕಂದ್ರೆ ನನ್ನ ಉತ್ತರದಲ್ಲಿ ಒಂಚೂರು ಪಕ್ಷಪಾತ ಇರಬಹುದು. ನಗರ ಯೋಜನೆ ಕೆಲಸದಲ್ಲಿ 20 ವರ್ಷದ ಮೇಲಾಯ್ತು, ಅದ್ರಲ್ಲೂ ನೀರು ಮತ್ತೆ ಬಸ್ಸು, ಇವೆರಡೇ ಜಾಸ್ತಿ. ನೀವು ಬರೆದಿರೋ ನಾಲ್ಕೂ ಊರಲ್ಲಿ ಬಾಡಿಗೆ ಮನೇಲಿ ಇದ್ದು ಬಂದಿದೀನಿ, ಬೆಂಗಳೂರಲ್ಲಿ 11 ವರ್ಷ, ಮೈಸೂರಲ್ಲಿ 4, ಮಂಗಳೂರಲ್ಲಿ 3, ಈಗ ಇರೋದು ಧಾರವಾಡದಲ್ಲಿ. ಹಾಗಾಗಿ ಧಾರವಾಡದ ಬಗ್ಗೆ ನಾನು ಹೊಗಳಿ ಬರೆದಿರೋ ಕಡೆ ನೀವು ಸ್ವಲ್ಪ ಕಮ್ಮಿ ಮಾಡಿಕೊಂಡು ಓದಿ.

ನೇರವಾಗಿ ಹೇಳ್ಬಿಡ್ತೀನಿ. ಸಾಮಾನ್ಯವಾಗಿ ಯಾರಾದ್ರೂ ಬೆಂಗಳೂರು ಬಿಟ್ಟು ಎಲ್ಲಿ ಹೋಗ್ಲಿ ಅಂತ ಕೇಳಿದ್ರೆ ನಾನೂ ಮೈಸೂರು ಅಂತಾನೇ ಹೇಳ್ತೀನಿ. ನಿಮಗೆ ಮಾತ್ರ ಮೈಸೂರು ಬೇಡ ಅಂತೀನಿ. ನಿಮ್ಮ ಪ್ರಶ್ನೇಲಿ ಎರಡು ವಿಷಯ ಇದೆ, ವಾರಕ್ಕೆ 3 ದಿನ ವೈಟ್‌ಫೀಲ್ಡ್, ಮತ್ತೆ ಶಿರಸಿಯ ಅಪ್ಪ. ಮೈಸೂರಿಗೆ ಹೋದ್ರೆ ಈ ಎರಡರಲ್ಲಿ ಒಂದೂ ಹತ್ರ ಆಗಲ್ಲ, ಆಫೀಸಂತೂ ಇನ್ನೂ ದೂರ ಆಗುತ್ತೆ.

ಲೆಕ್ಕ ನೋಡಿ. ಬೆಂಗಳೂರು-ಮೈಸೂರು ಹೈವೇ 2023ರ ಮಾರ್ಚಲ್ಲಿ ಉದ್ಘಾಟನೆ ಆದ್ಮೇಲೆ "ಒಂದೂವರೆ ಗಂಟೆ ಅಷ್ಟೇ" ಅಂತ ಎಲ್ರೂ ಹೇಳೋಕೆ ಶುರು ಮಾಡಿದ್ರು, ಅದು ಸುಳ್ಳೇನಲ್ಲ, ಆದ್ರೆ ಆ ಒಂದೂವರೆ ಗಂಟೆ ಮುಗಿಯೋದು ಕೆಂಗೇರಿ ಹತ್ರ, ನಿಮ್ಮ ಆಫೀಸಿರೋದು ಊರಿನ ಆ ತುದೀಲಿ. ರೈಲಲ್ಲಿ ಬಂದ್ರೆ ಮೆಜೆಸ್ಟಿಕ್‌ಗೆ ಎರಡು, ಎರಡೂವರೆ ಗಂಟೆ, ಅಲ್ಲಿಂದ ಪರ್ಪಲ್ ಲೈನ್ ಮೆಟ್ರೋ ಹತ್ತಿ ವೈಟ್‌ಫೀಲ್ಡ್ ಕಡೆಗೆ ಇನ್ನೊಂದು ಗಂಟೆ, ಜೊತೆಗೆ ಮನೆಯಿಂದ ಸ್ಟೇಷನ್ನು, ಸ್ಟೇಷನ್ನಿಂದ ಆಫೀಸು, ಎಲ್ಲಾ ಸೇರಿ ಒಂದು ಕಡೆಗೇ ಹತ್ತಿರ ಹತ್ತಿರ 4 ಗಂಟೆ. ವಾರಕ್ಕೆ 3 ದಿನ ಇದನ್ನ ಮಾಡೋಕಾಗಲ್ಲ. ಮಾಡ್ತೀವಿ ಅಂತ ಹೋದವರನ್ನ ಬಲ್ಲೆ, ಮೂರು ತಿಂಗಳಾದ್ಮೇಲೆ ಬೆಂಗಳೂರಲ್ಲಿ ಒಂದು ಪಿಜಿ ಹಿಡೀತಾರೆ, ಆಮೇಲೆ ಹೆಂಡತಿ ಮಗು ಮೈಸೂರಲ್ಲಿ, ಗಂಡ ಪಿಜಿಯಲ್ಲಿ, ಭಾನುವಾರ ಸಂಜೆ ಮಗು ಅಳೋದು. ನೀವು ಊರು ಬದಲಾಯಿಸ್ತಿರೋದು ಮನೆಯವರ ಜೊತೆ ಜಾಸ್ತಿ ಹೊತ್ತು ಇರೋಕೆ ತಾನೇ.

ಮೈಸೂರಿಗೆ ಮನಸ್ಸು ಯಾಕೆ ಹೋಗುತ್ತೆ ಅಂತ ನಂಗೊತ್ತು. 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಅಂತ ಮಾಡಿ ಬಡಾವಣೆ, ರಸ್ತೆ, ಚರಂಡಿ, ಪಾರ್ಕು ಎಲ್ಲಾ ಯೋಚಿಸಿ ಕಟ್ಟಿದ ಊರು ಅದು, ಅದರ ಫಲ ಇವತ್ತಿಗೂ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ನಡೆದುಕೊಂಡು ಹೋದ್ರೆ ಕಾಲಿಗೇ ಗೊತ್ತಾಗುತ್ತೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ ಬಂದು ಒಂಬತ್ತಕ್ಕೆ ಲಾಗಿನ್ ಆಗೋ ಜೀವನ ಇದೆಯಲ್ಲ, ಅದನ್ನ 4 ವರ್ಷ ಮಾಡಿದೀನಿ, ಈಗ್ಲೂ ಆಸೆ ಆಗುತ್ತೆ. ಆದ್ರೆ ನಿಮ್ಮ ಬಜೆಟ್ಟಿಗೆ ಸಿಗೋ ಸೈಟು ಆ ಹಳೇ ಮೈಸೂರಲ್ಲಿ ಇರಲ್ಲ. ಅದು ರಿಂಗ್ ರೋಡ್ ಆಚೆ ಯಾವುದೋ ಪ್ರೈವೇಟ್ ಲೇಔಟಲ್ಲಿ ಇರುತ್ತೆ, ಅಲ್ಲಿ ಕಾವೇರಿ ಕಬಿನಿ ನೀರಿನ ಪೈಪು ಬಂದಿದೆಯಾ ಇಲ್ಲ ಬರೀ ಬೋರ್‌ವೆಲ್ಲಾ, ಖಾತೆ ಯಾವ್ದು, ಯುಜಿಡಿ (ಒಳಚರಂಡಿ) ಇದೆಯಾ ಅನ್ನೋದನ್ನೆಲ್ಲ ಒಂದೊಂದೇ ಕೇಳ್ಕೊಂಡು ಹೋಗ್ಬೇಕು. ನಾನು ಕೊನೇ ವರ್ಷ ಇದ್ದಿದ್ದು ಅಂಥ ಒಂದು ಲೇಔಟಲ್ಲೇ, ಊರಿನ ಹೆಸರು ಮೈಸೂರು, ನೀರಿಗೆ ಮಾತ್ರ ಮಾರತ್ತಹಳ್ಳಿ ಥರಾನೇ ಟ್ಯಾಂಕರ್ ಡ್ರೈವರ್ ನಂಬರ್ ಫೋನಲ್ಲಿ ಫೇವರಿಟ್.

ಇಲ್ಲೊಂದು ಮಾತು ಸೇರಿಸ್ತೀನಿ, ಬೆಂಗಳೂರಿನ ನೀರಿನ ಬಗ್ಗೆ. ನೀವು ಬೇಜಾರಾಗಿರೋದ್ರಲ್ಲಿ ಅರ್ಧ ಅದೇ ಅನ್ಸುತ್ತೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಊರಿನ ಪಕ್ಕ ದೊಡ್ಡ ನದಿ ಇಲ್ಲ, ಕಾವೇರಿ ನೀರನ್ನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತರ್ತಾರೆ. 2024ರ ಬೇಸಿಗೇಲಿ ಬೋರ್‌ವೆಲ್‌ಗಳು ಬತ್ತಿದಾಗ ನಿಮ್ಮ ಕಡೆಯವರು ಪಟ್ಟ ಪಾಡು ನನಗೆ ಗೊತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯ್ತು, ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ಹೊರವಲಯದ 110 ಹಳ್ಳಿಗಳಿಗೆ ಅಂತಾನೇ ಮಾಡಿದ್ದು. ಹಾಗಾಗಿ ನಿಮ್ಮ ಅಪಾರ್ಟ್‌ಮೆಂಟಿಗೆ ಕನೆಕ್ಷನ್ ತಗೊಂಡಿದಾರಾ ಇಲ್ವಾ, ತಗೊಂಡಿಲ್ಲ ಅಂದ್ರೆ ಯಾಕೆ ಅಂತ ಅಸೋಸಿಯೇಷನ್‌ನಲ್ಲಿ ಕೇಳಿ. ನೀರೊಂದೇ ಕಾರಣಕ್ಕೆ ಊರು ಬಿಡೋರು ಇದನ್ನ ಕೇಳದೇ ಬಿಡಬಾರದು.

ಈಗ ಮಂಗಳೂರು. ಈ ಊರಿನ ಬಗ್ಗೆ ಹೊರಗಿನವರಿಗೆ ಬೀಚು ಮೀನು ಅಷ್ಟೇ ಕಾಣ್ಸುತ್ತೆ, ನಾನು ಅಲ್ಲಿಗೆ ಮಾರ್ಕು ಕೊಡೋದು ಎರಡಕ್ಕೆ. ಒಂದು, ಆಸ್ಪತ್ರೆಗಳು. ಅಷ್ಟು ಚಿಕ್ಕ ಊರಲ್ಲಿ ಅಷ್ಟು ಮೆಡಿಕಲ್ ಕಾಲೇಜು ನಮ್ಮ ರಾಜ್ಯದಲ್ಲಿ ಬೆಂಗಳೂರು ಬಿಟ್ರೆ ಬೇರೆಲ್ಲೂ ನಂಗೆ ಕಂಡಿಲ್ಲ. ಎರಡು, ಪ್ರೈವೇಟ್ ಸಿಟಿ ಬಸ್ಸು. ಕಂಡಕ್ಟರ್ ವಿಷಲ್ ಹೊಡೆದ್ರೆ ನಿಲ್ಲುತ್ತೆ, ವಿಷಲ್ ಹೊಡೆದ್ರೆ ಹೊರಡುತ್ತೆ, ಐದು ಹತ್ತು ನಿಮಿಷಕ್ಕೊಂದು ಬರ್ತಾನೇ ಇರುತ್ತೆ, ಮೂರು ವರ್ಷ ನಾನು ಅಲ್ಲಿ ಗಾಡಿನೇ ತಗೊಳ್ಳಲಿಲ್ಲ. ಕೆಲಸದ ವಿಷಯದಲ್ಲೂ ಹುಬ್ಬಳ್ಳಿಗಿಂತ ಮಂಗಳೂರು ಒಂದು ಹೆಜ್ಜೆ ಮುಂದೆ, ದೊಡ್ಡ ಐಟಿ ಕಂಪನಿಗಳ ಜೊತೆ ಚಿಕ್ಕಚಿಕ್ಕ ಪ್ರಾಡಕ್ಟ್ ಕಂಪನಿಗಳು ಸಾಕಷ್ಟು ಬೆಳೆದಿವೆ.

ಆದ್ರೆ ಶಿರಸಿಯವರಾದ ನಿಮಗೆ ಅಲ್ಲಿ ಹೊಸದಾಗೋದು ಮಳೆ ಅಲ್ಲ, ಸೆಕೆ. ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೇಲೆ ಮಳೆ, ಮಳೆ ನಿಮಗೆ ಹುಟ್ಟಿನಿಂದ ಗೊತ್ತಿರೋದೇ, ಶಿರಸೀಲಾದ್ರೆ ಕಂಬಳಿ ಹೊದ್ದು ಕೂತ್ರೆ ಆಯ್ತು. ಮಂಗಳೂರಲ್ಲಿ ಕಂಬಳಿ ಹೊದೆಯೋ ಹಾಗಿಲ್ಲ, ಹೊರಗೆ ಮಳೆ, ಒಳಗೆ ಬೆವರು. ಅಲ್ಲಿದ್ದಾಗ ಒಂದು ಆಗಸ್ಟಲ್ಲಿ ಅಮ್ಮನ ರೇಷ್ಮೆ ಸೀರೆ ತೆಗೆದು ನೋಡ್ತೀನಿ, ಮಡಿಕೆ ಮಡಿಕೆಗೂ ಬೂಷ್ಟು, ಅವತ್ತು ನಿಜವಾಗ್ಲೂ ಅತ್ತಿದೀನಿ. ಮಾರ್ಚಿಂದ ಮೇವರೆಗೆ ಎಸಿ ಇಲ್ದೇ ನಿದ್ದೆ ಬರಲ್ಲ, ಕರೆಂಟ್ ಬಿಲ್ಲು ಬಾಡಿಗೇಲಿ ಉಳಿಸಿದ್ದನ್ನ ಸ್ವಲ್ಪ ತಿನ್ನುತ್ತೆ. ಇಷ್ಟು ಮಳೆ ಬೀಳೋ ಊರಲ್ಲೂ 2016, 2019ರ ಬೇಸಿಗೇಲಿ ನೀರಿಗೆ ರೇಷನ್ ಮಾಡಿದ್ರು, ಯಾಕಂದ್ರೆ ಊರಿಗೆ ನೀರು ಬರೋದು ನೇತ್ರಾವತಿಯ ತುಂಬೆ ಡ್ಯಾಮಿಂದ, ಮೇ ಹೊತ್ತಿಗೆ ನದೀಲೇ ಇಲ್ಲ ಅಂದ್ರೆ ಎಲ್ಲಿಂದ ಕೊಡ್ತಾರೆ. ಭಾಷೆ ತೊಂದ್ರೆ ಏನಿಲ್ಲ, ಅವರವರ ಮಧ್ಯೆ ತುಳು, ಕೊಂಕಣಿ, ಬ್ಯಾರಿ, ನಿಮ್ಮನ್ನ ನೋಡಿದ ತಕ್ಷಣ ಅಚ್ಚುಕಟ್ಟಾದ ಕನ್ನಡ. ಆದ್ರೆ ಆ ತುಳು ಮಾತಿನ ಒಳಗೆ ಸೇರೋಕೆ ನಂಗೆ ಎರಡು ವರ್ಷ ಬೇಕಾಯ್ತು, ನಿಮ್ಮ ಮಗಳು ಆರು ತಿಂಗಳಲ್ಲಿ ಸೇರ್ತಾಳೆ.

ಮಂಗಳೂರಿಂದ ಶಿರಸಿಗೆ ಕರಾವಳಿ ಹೆದ್ದಾರಿ ಹಿಡಿದು ಕುಮಟಾಕ್ಕೆ ಬಂದು ದೇವಿಮನೆ ಘಾಟಿ ಹತ್ತಬೇಕು, 200 ಕಿಲೋಮೀಟರ್ ಮೇಲೆ. ಮಳೆಗಾಲದಲ್ಲಿ ಘಾಟಿ ಯಾವಾಗ ಬಂದ್ ಆಗುತ್ತೋ ಹೇಳೋಕಾಗಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಜನ ಸತ್ತು ಹೆದ್ದಾರಿನೇ ನಿಂತು ಹೋಯ್ತಲ್ಲ, ಅದು ಕುಮಟಾದಿಂದ ಆಚೆ, ನಿಮ್ಮ ದಾರೀಲಿ ಬರಲ್ಲ, ಆದ್ರೆ ಗುಡ್ಡ ಕಡಿದು ರಸ್ತೆ ಅಗಲ ಮಾಡಿರೋ ಜಾಗಗಳ ಬಗ್ಗೆ ಭಯ ಇಟ್ಕೊಳ್ಳೋಕೆ ಅಷ್ಟು ಸಾಕು.

ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100 ಕಿಲೋಮೀಟರ್, ಮುಂಡಗೋಡ ಮೇಲೆ. ಶಿರಸಿ ಘಟ್ಟದ ಮೇಲೇ ಇರೋದು, ಹುಬ್ಬಳ್ಳೀನೂ ಮೇಲೇ, ಹಾಗಾಗಿ ಮಧ್ಯದಲ್ಲಿ ಘಾಟಿ ಅನ್ನೋದೇ ಇಲ್ಲ. ಎರಡೂವರೆ ಗಂಟೆ. ಬೆಳಿಗ್ಗೆ ತಿಂಡಿ ತಿಂದು ಹೊರಟ್ರೆ ಮಧ್ಯಾಹ್ನ ಊಟಕ್ಕೆ ತೋಟದ ಮನೇಲಿ, ರಾತ್ರಿ ವಾಪಸ್. ಇದನ್ನ ನೀವು "ಸುಮ್ನೆ ಲಿಸ್ಟಲ್ಲಿದೆ" ಅಂತ ಬರೆದಿದೀರ.

ಅಪ್ಪನ ವಿಷಯದಲ್ಲಿ ಒಂದು ತಪ್ಪು ಲೆಕ್ಕ ತುಂಬಾ ಜನ ಹಾಕ್ತಾರೆ, ನೀವು ಹಾಕಬೇಡಿ. ಮಗ ಹುಬ್ಬಳ್ಳಿಗೆ ಬಂದ್ರೆ ಅಪ್ಪಂಗೆ ಎದೆ ನೋವು ಬಂದಾಗ ಆಸ್ಪತ್ರೆ ಹತ್ರ ಆಗಲ್ಲ. ಅಪ್ಪ ಶಿರಸೀಲೇ ಇದ್ರೆ ಆ ಹೊತ್ತಿನ ದೂರ ಅಷ್ಟೇ ಇರುತ್ತೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದು ಕೇಳಿದ್ದು ಇದಕ್ಕೇ. ಆ ಮೊದಲ ಗಂಟೆಗೆ ಬೇಕಾಗಿರೋದು ಅಲ್ಲೇ ಹತ್ರ ಇಸಿಜಿ ತೆಗೆದು ರಕ್ತ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋ ವ್ಯವಸ್ಥೆ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡೋಕೆ ಹೊರಟಿರೋದು ಅದನ್ನೇ. ಶಿರಸೀಲಿ ಈಗ ಯಾವ ಆಸ್ಪತ್ರೇಲಿ ಇದು ಸಿಗುತ್ತೆ ಅಂತ ಈ ವಾರಾನೇ ಹೋಗಿ ವಿಚಾರಿಸಿ, ಅಮ್ಮನ ಫೋನಲ್ಲಿ ನಂಬರ್ ಹಾಕಿ, ಪಕ್ಕದ ಮನೆ ಹುಡುಗಂಗೂ ಹೇಳಿಡಿ. ನೀವು ಯಾವ ಊರಲ್ಲಿದ್ರೂ ಇದು ಮಾಡ್ಲೇಬೇಕಾದ ಕೆಲಸ.

ಹುಬ್ಬಳ್ಳಿ-ಧಾರವಾಡಕ್ಕೆ ಬಂದ್ರೆ ಬದಲಾಗೋದು ಬೇರೆ. ಮೂರು ತಿಂಗಳಿಗೊಮ್ಮೆ ಚೆಕಪ್ಪಿಗೆ ಅಪ್ಪ ನಿಮ್ಮನೆಗೆ ಬರ್ತಾರೆ. ಬೆಂಗಳೂರಿಗೆ ಯಾಕೆ ಬರಲ್ಲ ಅಂದ್ರೆ ಆರನೇ ಮಹಡೀಲಿ ಕೂತು ಏನ್ ಮಾಡ್ಲಿ ಅಂತ ಇರುತ್ತೆ. ಧಾರವಾಡದಲ್ಲಿ ಮಾಳಮಡ್ಡಿ, ಸಪ್ತಾಪುರ, ಸಾಧನಕೇರಿ ಕಡೆ ಅಂಗಳ ಇರೋ ಕೆಳಗಿನ ಮನೆ ಇನ್ನೂ ಬಾಡಿಗೆಗೆ ಸಿಗುತ್ತೆ, ನನ್ನ ಸುತ್ತಮುತ್ತ 2 ಬಿಎಚ್‌ಕೆಗೆ 12ರಿಂದ 16 ಸಾವಿರ ಕೊಡ್ತಿದಾರೆ. ಎರಡು ಕರಿಬೇವಿನ ಗಿಡ, ಒಂದು ತೆಂಗಿನಮರ ಇದ್ರೆ ತೋಟದವರು ಹದಿನೈದು ದಿನ ಕೂರ್ತಾರೆ. ನನ್ನ ಮಾವನವರೂ ಹಂಗೇ, ಎಲ್ಲೂ ಒಂದು ರಾತ್ರಿ ಮೇಲೆ ನಿಲ್ಲದವರು ಇಲ್ಲಿ ಒಂದು ಪೂರ್ತಿ ಮಳೆಗಾಲ ಇದ್ರು.

ಇನ್ನು ಈ ಅವಳಿ ನಗರದ ಕಷ್ಟ ಹೇಳ್ತೀನಿ, ಮುಚ್ಚಿಡಲ್ಲ. ನೀರು ಮೊದಲನೇದು. ಮಲಪ್ರಭಾ ಅಣೆಕಟ್ಟಿಂದ ನೀರು ಬರುತ್ತೆ, 2008ರ ಸುಮಾರಿಗೇ ಕೆಲವು ವಾರ್ಡಲ್ಲಿ 24 ಗಂಟೆ ನೀರು ಕೊಟ್ಟು ದೇಶಕ್ಕೆಲ್ಲ ಮಾದರಿ ಅನ್ನಿಸಿಕೊಂಡ ಊರಿದು, ಅದೇ ಊರಲ್ಲಿ ಬೇರೆ ವಾರ್ಡಿನವರು ನಾಲ್ಕೈದು ದಿನಕ್ಕೊಮ್ಮೆ, ಕೆಲವು ಕಡೆ ವಾರಕ್ಕೊಮ್ಮೆ ಬರೋ ನೀರಿಗೆ ಕಾಯ್ತಾರೆ, ಅದೂ ಕೆಲವು ಸಲ ರಾತ್ರಿ ಎರಡು ಗಂಟೆಗೆ. ಈ ವೃತ್ತೀಲಿರೋ ನಂಗೆ ಇದು ಸಂಕಟದ ವಿಷಯ. ಹಾಗಾಗಿ ಇಲ್ಲಿ ಮನೆ ನೋಡೋವಾಗ ಓನರ್‌ನ "ನೀರು ಹೆಂಗೆ" ಅಂತ ಕೇಳ್ಬೇಡಿ, ಚಲೋ ಅದ ಅಂತಾರೆ. ಪಕ್ಕದ ಮನೆಯವರನ್ನ "ನಳ ಎಷ್ಟ್ ದಿನಕ್ಕೊಮ್ಮೆ ಬರ್ತದ್ರಿ" ಅಂತ ಕೇಳಿ, ಆಮೇಲೆ ಸಂಪಿನ ಮುಚ್ಚಳ ತೆಗೆಸಿ ಎಷ್ಟು ದೊಡ್ಡದು ಅಂತ ಕಣ್ಣಾರೆ ನೋಡಿ.

ಎರಡನೇದು ಕೆಲಸ. ಹುಬ್ಬಳ್ಳೀಲಿ ಐಟಿ ಕಟ್ಟಡಗಳಿವೆ, ಸ್ಟಾರ್ಟಪ್ ವಾತಾವರಣ ಇದೆ, ಸರ್ಕಾರ ಬಿಯಾಂಡ್ ಬೆಂಗಳೂರು ಅಂತ ತಳ್ತಾ ಇದೆ, ಧಾರವಾಡದಲ್ಲಿ ಐಐಟಿನೂ ಬಂತು, ಆದ್ರೆ ನಿಮ್ಮ ಕೆಲಸ ಹೋಯ್ತು ಅಂತಿಟ್ಕೊಳ್ಳಿ, ಅಷ್ಟೇ ಸಂಬಳದ ಇನ್ನೊಂದು ಕೆಲಸ ಎರಡು ತಿಂಗಳಲ್ಲಿ ಈ ಊರಲ್ಲೇ ಸಿಗುತ್ತಾ? ಸಿಗಲ್ಲ. ಮೈಸೂರಲ್ಲಿ ಅಪರೂಪಕ್ಕೆ, ಮಂಗಳೂರಲ್ಲಿ ಬಹುಶಃ. ಬೆಂಗಳೂರಲ್ಲಿ ಟ್ರಾಫಿಕ್ಕಲ್ಲಿ ಕಳೆಯೋ ಹೊತ್ತಿಗೆ ಬದಲಾಗಿ ನಿಮಗೆ ಸಿಕ್ತಿರೋದು ಇದೇ, ಒಂದು ಬಾಗಿಲು ಮುಚ್ಚಿದ್ರೆ ಪಕ್ಕದ ರಸ್ತೇಲೇ ಇನ್ನೊಂದು ಇರುತ್ತೆ. ಅದಕ್ಕೆ ಬೆಲೆ ಕಟ್ಟದೇ ಬರೀ ಬಾಡಿಗೆ ಉಳಿತಾಯ ಲೆಕ್ಕ ಹಾಕಿದ್ರೆ ಲೆಕ್ಕ ತಪ್ಪುತ್ತೆ. ನನ್ನ ಅಳತೆ ಏನಂದ್ರೆ, ಚಿಕ್ಕ ಊರಿಗೆ ಹೋಗೋ ಮುಂಚೆ ಕನಿಷ್ಠ 9 ತಿಂಗಳ ಖರ್ಚು ಕೈಯಲ್ಲಿರಬೇಕು, ಬೆಂಗಳೂರಲ್ಲಾದ್ರೆ 4 ಸಾಕು.

ಮಿಕ್ಕಿದ್ದು ಬೇಗ ಹೇಳ್ತೀನಿ. ಧೂಳು ಇದೆ, ಹುಬ್ಬಳ್ಳೀಲಿ ಜಾಸ್ತಿ. ಏಪ್ರಿಲ್ ಬಿಸಿಲು ಜೋರು, ಆದ್ರೆ ಸಂಜೆ ಧಾರವಾಡದಲ್ಲಿ ಗಾಳಿ ಬೀಸುತ್ತೆ. ಎರಡೂ ಊರಿನ ಮಧ್ಯೆ ಚಿಗರಿ ಬಸ್ಸು, 22 ಕಿಲೋಮೀಟರು, ಅದಕ್ಕೇ ಅಂತ ಬೇರೆ ರಸ್ತೆ, ಎಸಿ, ಅದರ ಬಗ್ಗೆ ಊರವರ ತಕರಾರು ನೂರಿದೆ, ದಿನಾ ಓಡಾಡೋ ನನಗೆ ಅದು ವರ. ಬೆಂಗಳೂರಿಗೆ ರಾತ್ರಿ ರೈಲುಗಳಿವೆ, ಸ್ಲೀಪರ್ ಬಸ್ಸು ಬೇಕಾದಷ್ಟಿವೆ, 2023ರ ಜೂನಿಂದ ವಂದೇ ಭಾರತ್ ಕೂಡ.

ಹಾಗಾದ್ರೆ ನಾಳೇನೇ ಧಾರವಾಡಕ್ಕೆ ಬನ್ನಿ ಅಂತಿಲ್ಲ. ವಾರಕ್ಕೆ 3 ದಿನ ಆಫೀಸು ಇರೋವರೆಗೆ ಇಲ್ಲಿಗೂ ಬರೋಕಾಗಲ್ಲ. ಕಂಪನಿ ಜೊತೆ ಮಾತಾಡಿ, ತಿಂಗಳಿಗೆ ಒಂದು ವಾರ ಒಟ್ಟಿಗೆ ಬಂದು ಹೋಗೋ ಥರ ಒಪ್ಪಿಗೆ ಸಿಗುತ್ತಾ ಕೇಳಿ, ಸಿಕ್ಕಿದ್ರೆ ಮ್ಯಾನೇಜರ್ ಬಾಯಿ ಮಾತಲ್ಲ, ಎಚ್‌ಆರ್ ಇಮೇಲಲ್ಲಿ ಬರಬೇಕು, ಊರು ಬದಲಾದ್ರೆ ಸಂಬಳ ಕಮ್ಮಿ ಮಾಡ್ತಾರಾ ಅನ್ನೋದೂ ಅದ್ರಲ್ಲೇ ಇರಬೇಕು. ಮ್ಯಾನೇಜರ್ ಬದಲಾದ ದಿನ ಬಾಯಿ ಮಾತು ಮುಗೀತು.

ಒಪ್ಪಲಿಲ್ಲ ಅಂದ್ರೆ ಬೆಂಗಳೂರೊಳಗೇ ಊರು ಬದಲಾಯಿಸಿ. ಇದನ್ನ ಯಾರೂ ಊರು ಬದಲಾಯಿಸೋದು ಅಂದ್ಕೊಳ್ಳಲ್ಲ, ಆದ್ರೆ ಮಾರತ್ತಹಳ್ಳಿಗೂ ವಿಜಯನಗರಕ್ಕೂ ಇರೋ ವ್ಯತ್ಯಾಸ ಎರಡು ಊರಿನಷ್ಟೇ ಇದೆ. 2023ರ ಅಕ್ಟೋಬರಿಂದ ಪರ್ಪಲ್ ಲೈನ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡ್ತಿದೆ. ವಿಜಯನಗರದಲ್ಲೋ ಕೆಂಗೇರಿ ಉಪನಗರದಲ್ಲೋ ಸ್ಟೇಷನ್ನಿಗೆ ನಡೆಯೋ ದೂರದಲ್ಲಿ ಮನೆ ಮಾಡಿದ್ರೆ ಪ್ರಯಾಣ ಒಂದು ಗಂಟೆ ಮೇಲೇ ಆಗುತ್ತೆ, ಆದ್ರೆ ಪ್ರತಿದಿನ ಅಷ್ಟೇ ಆಗುತ್ತೆ, ಮಳೆ ಬಂದ್ರೂ ಅಷ್ಟೇ. 2025ರ ಫೆಬ್ರವರೀಲಿ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದ್ರು, ಅದು ನನ್ನ ಪ್ರಕಾರ ಜಾಸ್ತೀನೇ ಆಯ್ತು, ಆದ್ರೂ ವಾರಕ್ಕೆ 3 ದಿನಕ್ಕೆ ಅದು ಮಾರತ್ತಹಳ್ಳಿ ಸಿಗ್ನಲ್ಲಿಗಿಂತ ಅಗ್ಗ. ಹಳೇ ಬಡಾವಣೆ, ಹಳೇ ಕಾವೇರಿ ಲೈನು, ಕೆಳಗೆ ತರಕಾರಿ ಅಂಗಡಿ, ಅಕ್ಕಪಕ್ಕ ಕನ್ನಡ ಮಾತಾಡೋ ಮಕ್ಕಳು. ಶುಕ್ರವಾರ ರಾತ್ರಿ ಶಿರಸಿ ಬಸ್ಸು ಹತ್ತೋಕೂ ಊರು ದಾಟಬೇಕಾಗಿಲ್ಲ.

ಸೈಟು ಮಾತ್ರ ಈಗ್ಲೇ ಎಲ್ಲೂ ತಗೋಬೇಡಿ. ಮೊದ್ಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಅದಕ್ಕೂ ಮುಂಚೆ ಪ್ರತಿ ಊರನ್ನ ಅದರ ಕೆಟ್ಟ ತಿಂಗಳಲ್ಲಿ ಒಂದು ವಾರ ನೋಡಿ ಬನ್ನಿ, ಮಂಗಳೂರನ್ನ ಮೇನಲ್ಲಿ, ಹುಬ್ಬಳ್ಳಿಯನ್ನ ಏಪ್ರಿಲ್ಲಲ್ಲಿ. ಎಲ್ರೂ ಡಿಸೆಂಬರ್ ರಜೇಲಿ ನೋಡಿ ಮರುಳಾಗಿ ಬರ್ತಾರೆ, ಡಿಸೆಂಬರಲ್ಲಿ ಯಾವೂರು ತಾನೇ ಚೆನ್ನಾಗಿರಲ್ಲ ಹೇಳಿ. ಮುಂದೆ ಈ ಕಡೆ ಸೈಟು ತಗೊಳ್ಳೋದಾದ್ರೆ ಮಣ್ಣು ನೋಡಿ ತಗೊಳ್ಳಿ, ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿ ಪೂರ್ವಕ್ಕೆ ಹೋದಷ್ಟೂ ಎರೆ ಮಣ್ಣು, ಎರೆ ಮಣ್ಣು ಮಳೇಲಿ ಉಬ್ಬಿ ಬೇಸಿಗೇಲಿ ಬಿರಿಯುತ್ತೆ, ಪಾಯಕ್ಕೆ ಖರ್ಚು ಜಾಸ್ತಿ, ಇಲ್ಲಾಂದ್ರೆ ಐದು ವರ್ಷದಲ್ಲಿ ಗೋಡೆ ಸೀಳು.

ಮಗಳು 1ನೇ ಕ್ಲಾಸಿಗೆ ಹೋಗೋಕೆ ನಿಮಗಿನ್ನೂ ಎರಡು ವರ್ಷ ಟೈಮಿದೆ, ಅಷ್ಟರೊಳಗೆ ಯಾವ್ದಾದ್ರೂ ಒಂದು ಮಾಡಿದ್ರೆ ಅವಳಿಗೆ ಸ್ಕೂಲು ಬದಲಾಯಿಸೋ ನೋವು ಇರಲ್ಲ.

ಇನ್ನೊಂದು. ನಿಮ್ಮ ಪ್ರಶ್ನೇಲಿ ಎಲ್ಲಾ ಕಡೆ "ನಮ್ಗೆ" ಅಂತಿದೆ, ಆದ್ರೆ ಮನೆಯವರು ಯಾವ ಊರಿನವರು, ಅವರ ಅಪ್ಪ ಅಮ್ಮ ಎಲ್ಲಿದಾರೆ, ಹಗಲೆಲ್ಲಾ ಮನೇಲೇ ಕೂತು ಕೆಲಸ ಮಾಡೋರಿಗೆ ಸಂಜೆ ಮಾತಾಡೋಕೆ ಯಾರಿದಾರೆ ಅಂತ ಒಂದು ಸಾಲೂ ಇಲ್ಲ. ಧಾರವಾಡದಲ್ಲಿ ದಿನಪೂರ್ತಿ ಇರೋದು ಅವರು, ಅಪ್ಪ ಬಂದು ಹದಿನೈದು ದಿನ ಇದ್ರೆ ಅಡುಗೆಮನೆ ನೋಡ್ಕೊಳ್ಳೋದೂ ಬಹುಶಃ ಅವರೇ. ಈ ಉತ್ತರನ ಅವರಿಗೆ ಓದೋಕೆ ಕೊಡಿ, ಅವರ ಪ್ರಶ್ನೇನ ಅವರೇ ಬೇರೆಯಾಗಿ ಬರೆದು ಕಳಿಸ್ಲಿ, ಅದಕ್ಕೂ ಉತ್ತರ ಬರೀತೀನಿ.